‘ಎಲ್ಲಾ ಫೋನಲ್ಲೇ ಇದೆ’ ಎಂಬ ಸುಳ್ಳು

ಕಳೆದ ದೀಪಾವಳಿಗೆ ಮನೆ ಗುಡಿಸಿ ಸಾರಿಸುವ ಹೊತ್ತಿನಲ್ಲಿ ನನ್ನ ತಂಗಿಯ ಮಗ ಗೋಣಿಚೀಲ ಹಿಡಿದು ಅಟ್ಟದ ಕೆಳಗೆ ನಿಂತಿದ್ದ. ನಾನು ಮೇಲಿನಿಂದ ಇಳಿಸಿಕೊಟ್ಟ ಮೂರು ರಟ್ಟಿನ ಡಬ್ಬಗಳಲ್ಲಿ ಕ್ಯಾಸೆಟ್ಟು, ಸಿಡಿ, ಒಂದಿಷ್ಟು ಎಲ್‌ಪಿ ರೆಕಾರ್ಡುಗಳಿದ್ದವು. ‘ಮಾವ, ಇವೆಲ್ಲಾ ಫೋನಲ್ಲೇ ಇದಾವಲ್ಲ. ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ತಗೋತಾರೆ, ಕೊಟ್ಬಿಡಿ’ ಎಂದ. ಒಳ್ಳೆಯ ಹುಡುಗ. ನನ್ನ ಮಂಡಿನೋವು, ಅವನ ಅತ್ತೆಯ ಧೂಳಿನ ಅಲರ್ಜಿ ಎರಡನ್ನೂ ಕಂಡು ಹೇಳಿದ ಮಾತು. ಅದು ಅವನೊಬ್ಬನ ಮಾತೂ ಅಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕೊನೆಗೆ ಸಂಗೀತ ಕಛೇರಿ ಮುಗಿಸಿ ಚಪ್ಪಲಿ ಹುಡುಕುತ್ತಿದ್ದ ರಸಿಕರ ಬಾಯಲ್ಲೂ ಅದನ್ನೇ ಕೇಳಿದ್ದೇನೆ. ಕೈಯಲ್ಲಿ ಹಿಡಿಯುವ ಹಾಡಿನ ಕಾಲ ಮುಗಿಯಿತು, ಇನ್ನೂ ಕೂಡಿಡುವವರು ಹಳೆಯ ಮೋಹ ಬಿಡಲಾರದವರು ಎಂಬುದು ಈಗ ಎಲ್ಲರೂ ಒಪ್ಪಿಕೊಂಡ ಅಭಿಪ್ರಾಯ. ಅದು ತಪ್ಪು. ಅರ್ಧ ತಪ್ಪಲ್ಲ, ಪೂರ್ತಿ ತಪ್ಪು.

ಮೊದಲು ಆ ‘ಎಲ್ಲಾ’ ಎಂಬ ಪದವನ್ನೇ ನೋಡೋಣ. ಆ ಸಂಜೆ ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದೆ. ಅಪ್ಪ ನಂಜನಗೂಡಿನ ಜಾತ್ರೆಯಲ್ಲಿ ಕೊಂಡು ತಂದಿದ್ದ ಹರಿಕಥೆ. ಮೈಸೂರಿನ ಒಂದು ಸಣ್ಣ ಕಂಪನಿ ಹೊರತಂದದ್ದು, ಆ ಕಂಪನಿ ಈಗಿಲ್ಲ. ಒಳಗಿನ ಕಾಗದಕ್ಕೆ ನಾಲ್ಕು ಮಡಿಕೆ. ಬಿಡಿಸಿದರೆ ಹರಿದಾಸರ ಹೆಸರು, ಹಾರ್ಮೋನಿಯಂ ನುಡಿಸಿದವರ ಹೆಸರು, ತಬಲದವರ ಹೆಸರು, ಬರೀ ತಾಳ ಹಾಕಿದವರ ಹೆಸರೂ ಇದೆ. ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಅಪ್ಪ ಬರೆದ ತಾರೀಕು. ಹುಡುಗನ ಕೈಗೆ ಕೊಟ್ಟು ‘ಹುಡುಕು ನೋಡೋಣ’ ಎಂದೆ. ಕನ್ನಡದಲ್ಲಿ ಹೊಡೆದ, ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಬಗೆಯಾಗಿ ಹೊಡೆದ. ಅದೇ ಕಥೆಯ ಸಿನಿಮಾ ಹಾಡು ಬಂತು, ಧಾರಾವಾಹಿಯ ತುಣುಕು ಬಂತು. ಆ ಹರಿದಾಸರು ಬರಲಿಲ್ಲ.

ಬರುವುದು ಹೇಗೆ? ಆ್ಯಪ್‌ಗಳಿಗೆ ಹಾಡು ಒದಗಿಸುವುದು ಇವತ್ತು ಬದುಕಿರುವ ಕಂಪನಿಗಳು. ಎಲ್‌ಪಿ ಅಚ್ಚು ಹಾಕಲು ದೊಡ್ಡ ಕಾರ್ಖಾನೆ ಬೇಕಿತ್ತು. ಗ್ರಾಮಫೋನ್ ಕಂಪನಿಯದು ಕಲ್ಕತ್ತದ ಡಮ್‌ಡಮ್‌ನಲ್ಲಿತ್ತು. ಕ್ಯಾಸೆಟ್ಟಿಗೆ ಅದೇನೂ ಬೇಕಿರಲಿಲ್ಲ. ಬಾಡಿಗೆ ಸ್ಟುಡಿಯೊ, ಪ್ರತಿ ತೆಗೆಯುವ ಯಂತ್ರ, ಕವರು ಅಚ್ಚು ಹಾಕಿಕೊಡುವ ಒಂದು ಪ್ರೆಸ್ ಇದ್ದರೆ ಊರಿನಲ್ಲೇ ಕಂಪನಿ ಶುರು. ಅದರಿಂದಲೇ ಎಂಬತ್ತು, ತೊಂಬತ್ತರ ದಶಕಗಳಲ್ಲಿ ನಮ್ಮ ಹರಿಕಥೆ, ತತ್ವಪದ, ಸೋಬಾನೆ, ಗೀಗೀ ಪದ, ಗಮಕ, ಕಂಪನಿ ನಾಟಕ, ತಾಳಮದ್ದಳೆ ಎಲ್ಲವೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಸರಕಾದವು. ಮುಂದೆ ಆ ಸಣ್ಣ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವುಗಳ ಮೂಲ ಟೇಪುಗಳಿಗೆ ದಿಕ್ಕು ದೆಸೆ ಇಲ್ಲದಾಯಿತು. ಆ ಹಾಡುಗಾರಿಕೆ ಈಗ ಉಳಿದಿರುವುದು ಜನ ಕೊಂಡುಹೋಗಿ ಮನೆಯಲ್ಲಿಟ್ಟುಕೊಂಡ ಪ್ರತಿಗಳಲ್ಲಿ ಮಾತ್ರ. ಅಂಥ ಪ್ರತಿಯನ್ನು ಕೈಯಲ್ಲಿ ಹಿಡಿದವರಿಗೆ ‘ಇದೆಲ್ಲಾ ಫೋನಲ್ಲಿದೆ’ ಎನ್ನುವುದು, ಊರಿನ ಕೊನೆಯ ಬಿತ್ತನೆ ರಾಗಿಯನ್ನು ತೋರಿಸಿ ‘ಅಂಗಡಿಯಲ್ಲಿ ಹಿಟ್ಟು ಸಿಗುತ್ತಲ್ಲ, ಇದನ್ನು ಬೀಸಿಬಿಡಿ’ ಎಂದ ಹಾಗೆ.

ಕರಾವಳಿಯ ಮಾತು ಇನ್ನೂ ಒಂದು ಹೆಜ್ಜೆ ಮುಂದೆ. ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. ಅವರ ಆಟ ನೋಡಲು ಹುಟ್ಟಿಯೇ ಇರದವರು ಇಂದು ಅವರ ಪದ ಕೇಳಿ ತಲೆದೂಗುತ್ತಾರೆ. ರಾತ್ರಿಯಿಡೀ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು, ನಿದ್ದೆಗೆಟ್ಟು ಕ್ಯಾಸೆಟ್ ಮಗುಚಿ ಹಾಕಿದ ಅಭಿಮಾನಿಗಳ ಕೃಪೆ ಅದು. ಇಂದು ಇಂಟರ್‌ನೆಟ್ಟಿನಲ್ಲಿ ಅವರ ದನಿ ಸಿಗುತ್ತದೆ ನಿಜ. ಆದರೆ ಅದನ್ನು ಅಲ್ಲಿಗೆ ಏರಿಸಿದವರು ಯಾರು? ಆ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕದವರು.

ನನ್ನ ವಾದದ ತಿರುಳು ಇದೇ. ಇಂಟರ್‌ನೆಟ್ಟಿನಲ್ಲಿರುವ ಹಳೆಯ ಸಂಗೀತ ತಾನಾಗಿ ಅಲ್ಲಿ ಹುಟ್ಟಲಿಲ್ಲ. ಯಾರದೋ ಟ್ರಂಕಿನಿಂದ ಅಲ್ಲಿಗೆ ಹೋಯಿತು. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ನೂರು ವರ್ಷದ ಹಿಂದಿನ ಗ್ರಾಮಫೋನ್ ತಟ್ಟೆಗಳ ದನಿಯನ್ನು ಯಾರು ಬೇಕಾದರೂ ಕೇಳುವಂತೆ ಮಾಡಿದೆ. ಆ ತಟ್ಟೆಗಳು ಬಂದದ್ದು ಸಂಗ್ರಾಹಕರ ಮನೆಗಳಿಂದ, ಹಳೇ ಸಾಮಾನಿನ ಬಜಾರುಗಳಿಂದ. ಬೇರು ಕಿತ್ತು ಹಾಕಿ ಎಂದು ಹೇಳಿಕೊಡುತ್ತಿರುವವರು ಹಣ್ಣು ತಿನ್ನುತ್ತಿರುವುದು ಅದೇ ಮರದ್ದು.

ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ನೋಡಿ. ನಮಗೆಲ್ಲ ಗೊತ್ತಿರುವುದು ಅವರ ಗಂಡು ಕಂಠ. ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ದಪ್ಪವಾಯಿತು ಎಂಬುದು ಸಂಗೀತದ ವಲಯದಲ್ಲಿ ಎಲ್ಲರಿಗೂ ತಿಳಿದ ಕಥೆ. ಅದಕ್ಕೂ ಮೊದಲಿನ ದನಿ, 1930ರ ದಶಕದ ಆ ತೆಳುವಾದ, ಏರಿನಲ್ಲಿ ಸಲೀಸಾಗಿ ಓಡಾಡುವ ಹೆಣ್ಣು ದನಿ ಎಲ್ಲಿದೆ? ಆಗ ಎಚ್‌ಎಂವಿಯವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ತಂದ 78 ಆರ್‌ಪಿಎಂ ತಟ್ಟೆಗಳಲ್ಲಿದೆ. ಲೇಬಲ್ ಮೇಲೆ ನಾವು ಬಲ್ಲ ಹೆಸರೂ ಇಲ್ಲ. ಆ ತಟ್ಟೆ ಇಟ್ಟುಕೊಂಡು, ಅದು ಗಂಗೂಬಾಯಿಯವರದೇ ಎಂದು ಬಲ್ಲವರು ಇಲ್ಲದೇ ಹೋಗಿದ್ದರೆ ಧಾರವಾಡದ ಆ ಮೊದಲ ದನಿ ನಮ್ಮ ಪಾಲಿಗೆ ಇರುತ್ತಲೇ ಇರಲಿಲ್ಲ. ಆ ತಟ್ಟೆಗಳು ಅರಗಿನವು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗಿನದೇ ಬಳಗ. ಅದಕ್ಕೆ ಕಲ್ಲುಪುಡಿ, ಮಸಿ ಬೆರೆಸಿ ಒತ್ತಿದ ತಟ್ಟೆ ಕೈ ಜಾರಿದರೆ ಹಪ್ಪಳದಂತೆ ಮುರಿಯುತ್ತದೆ. ತೊಂಬತ್ತು ವರ್ಷ ಯಾರೋ ಕೈ ಜಾರದಂತೆ ಹಿಡಿದಿದ್ದಾರೆ.

ಇದರಲ್ಲಿ ಕಾನೂನಿನ ವಿಷಯವೂ ಇದೆ, ಬಹಳ ಜನ ಗಮನಿಸಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ 1950ರ ದಶಕದವರೆಗಿನ ತಟ್ಟೆಗಳ ಮೇಲಿನ ಮುದ್ರಣದ ಹಕ್ಕು ಮುಗಿದುಹೋಗಿದೆ, ಅವು ಸಾರ್ವಜನಿಕರ ಸೊತ್ತು. ಕಾನೂನು ‘ತಗೊಳ್ಳಿ, ಇದು ನಿಮ್ಮದು’ ಎಂದು ಕೊಡುವ ಹೊತ್ತಿಗೆ ಕೈಯಲ್ಲಿ ತಟ್ಟೆಯೇ ಇಲ್ಲದಿದ್ದರೆ ಏನು ತಗೊಳ್ಳುವುದು? ಕ್ಯಾಸೆಟ್ಟುಗಳ ಸರದಿ ಬರುವುದು 2040ರ ಹೊತ್ತಿಗೆ. ಅಲ್ಲಿಯವರೆಗೆ ಅವನ್ನು ಕಾಯುವವರು ಯಾರು? ಕಂಪನಿಗಳು ಕಾಯುತ್ತವೆ ಎಂದು ನಂಬುವವರು 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬಿದ್ದ ಬೆಂಕಿಯನ್ನು ನೆನೆಯಬೇಕು. ಅಲ್ಲಿ ಮೂಲ ಟೇಪುಗಳೂ ಸುಟ್ಟವು ಎಂಬುದು ಜಗತ್ತಿಗೆ ಸರಿಯಾಗಿ ತಿಳಿದದ್ದು 2019ರಲ್ಲಿ, ಪತ್ರಿಕೆಯ ವರದಿಯಿಂದ. ಎಷ್ಟು ಸುಟ್ಟಿತು ಎಂಬ ತಕರಾರು ಆಮೇಲೂ ಮುಗಿಯಲಿಲ್ಲ.

ಈಗ, ಫೋನಿನಲ್ಲಿ ನಿಜವಾಗಿಯೂ ಇರುವ ಹಾಡುಗಳಿಗೆ ಬರೋಣ. ಅವು ಹೇಗಿವೆ?

ಭಾವಗೀತೆಯನ್ನೇ ತೆಗೆದುಕೊಳ್ಳಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ಆಮೇಲೆ ಬೇಂದ್ರೆ, ಕುವೆಂಪು, ಕೆ.ಎಸ್.ನ., ಅಡಿಗರು ಎಲ್ಲರೂ ಕ್ಯಾಸೆಟ್ಟಿಗೆ ಬಂದರು. ಸಿ. ಅಶ್ವತ್ಥ್ ಶಿಶುನಾಳ ಷರೀಫರನ್ನು ಮನೆಮನೆಗೆ ಮುಟ್ಟಿಸಿದರು. ನನ್ನ ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಕವಿತೆಯ ಪುಸ್ತಕ ಕೊಂಡವಳಲ್ಲ, ಕೊಳ್ಳುವ ಧೈರ್ಯವೂ ಅವಳಿಗಿರಲಿಲ್ಲ. ಆದರೆ ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತಿದ್ದ ಹಾಡಿನ ಸಾಲುಗಳನ್ನು ಅಡುಗೆಮನೆಯ ಕಿಟಕಿಗೆ ಹಿಡಿದು, ಹಾಡಿನ ಜೊತೆಗೇ ಬೆರಳಿಟ್ಟು ಓದುತ್ತಿದ್ದಳು. ಆ ಕಾಗದದ ಮೇಲೆ ಇನ್ನೂ ಅರಿಸಿನದ ಕಲೆಯಿದೆ. ಯಾವ ಹಾಡು ಯಾವ ಕವಿಯದು ಎಂದು ಅಮ್ಮ ತಪ್ಪದೆ ಹೇಳುತ್ತಿದ್ದಳು, ಏಕೆಂದರೆ ಪ್ರತಿ ಹಾಡಿನ ಮುಂದೆ ಕವಿಯ ಹೆಸರಿತ್ತು.

ಅದೇ ಹಾಡು ಈಗ ಆ್ಯಪ್‌ನಲ್ಲಿ ಹೇಗೆ ಕಾಣುತ್ತದೆ? ಶೀರ್ಷಿಕೆ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಒಂದೊಂದು ಕಡೆ ಒಂದೊಂದು ಕಾಗುಣಿತ. ‘ಕಲಾವಿದ’ ಎಂಬ ಜಾಗದಲ್ಲಿ ಗಾಯಕರ ಹೆಸರು. ಕವಿಯ ಹೆಸರು ಎಷ್ಟೋ ಹಾಡುಗಳಿಗೆ ಇಲ್ಲವೇ ಇಲ್ಲ, ಇದ್ದರೂ ಮೂರು ಕಡೆ ಒತ್ತಿ ಹುಡುಕಬೇಕು. ವರ್ಷ ನೋಡಿದರೆ ಹಾಡು ಬಂದ ವರ್ಷವಲ್ಲ, ಯಾರೋ ಕಂಪ್ಯೂಟರಿಗೆ ಏರಿಸಿದ ವರ್ಷ. ಕೊಳಲು, ಸಿತಾರ್, ತಬಲ ನುಡಿಸಿದವರು ಅಳಿಸಿಹೋಗಿದ್ದಾರೆ. ಎಂಟು ಹಾಡುಗಳು ಒಂದಾದ ಮೇಲೊಂದು ಬರಬೇಕೆಂದು ಅನಂತಸ್ವಾಮಿಯೋ ಅಶ್ವತ್ಥರೋ ಕೂತು ಜೋಡಿಸಿದ ಕ್ರಮ ಚೆಲ್ಲಾಪಿಲ್ಲಿಯಾಗಿ, ಹಾಡುಗಳು ಯಾವುದೋ ‘ಹಿಟ್ಸ್’ ಮೂಟೆಯೊಳಗೆ ಸೇರಿವೆ. ಕವಿಯ ಹೆಸರಿಲ್ಲದ ಭಾವಗೀತೆ ಎಂಥದ್ದು? ಆ ಪ್ರಕಾರ ಹುಟ್ಟಿದ್ದೇ ಕವಿತೆಯನ್ನು ಜನರ ಕಿವಿಗೆ ಮುಟ್ಟಿಸಲು. ಕವಿಯನ್ನು ಬಿಟ್ಟು ಕವಿತೆಯನ್ನು ಮುಟ್ಟಿಸುವುದು ಅನಾಥ ಮಗುವನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಹೋದಂತೆ.

ಹಾಡು ತನ್ನ ಹೆಸರನ್ನು ಜೊತೆಯಲ್ಲೇ ಹೊತ್ತು ತಿರುಗಬೇಕು ಎಂಬ ತಿಳಿವಳಿಕೆ ಈ ದೇಶದ ಧ್ವನಿಮುದ್ರಣದ ಮೊದಲ ದಿನಗಳಿಂದಲೇ ಇತ್ತು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಎದುರು ಹಾಡಿದ ಗೌಹರ್ ಜಾನ್, ಮೂರು ನಿಮಿಷದ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾವ ಹಾಡು ಯಾರದೆಂದು ತಿಳಿಯಲಿ, ಸರಿಯಾದ ಲೇಬಲ್ ಅಂಟಿಸಲಿ ಎಂಬುದಕ್ಕೆ ಆ ಏರ್ಪಾಡು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ದೇಶವೆಲ್ಲ ಮೆರೆದಾಕೆ ಇಲ್ಲಿ ಒಬ್ಬಂಟಿಯಾಗಿ ಹೋದರು. ಹೆಸರು ಮಾತ್ರ ತಟ್ಟೆಯಲ್ಲಿ ಉಳಿಯಿತು, ಅವರದೇ ಬಾಯಿಂದ. ಸೂಜಿ, ಕಹಳೆ, ಮೇಣದ ಕಾಲದವರು ಇಷ್ಟು ಎಚ್ಚರ ವಹಿಸಿದ್ದರು. ಲೋಕದ ಮಾಹಿತಿಯೆಲ್ಲ ತಮ್ಮಲ್ಲಿದೆ ಎನ್ನುವ ಈಗಿನವರಿಗೆ ಬೇಂದ್ರೆಯವರ ಹೆಸರು ಹಾಕಲು ಜಾಗವಿಲ್ಲ.

ಇನ್ನು ಕಛೇರಿ ಸಂಗೀತದ ಗತಿ. ಒಂದು ಸಂಜೆ ಫೋನಿನಲ್ಲಿ ವೀಣೆಯ ಒಂದು ಸಂಪುಟ ಹಾಕಿ ಕೂತೆ. ತೋಡಿಯ ಆಲಾಪನೆ ಮುಗಿಯಿತು, ತಾನ ಶುರುವಾಗಬೇಕು. ಕಿವಿ ಆ ಮಂದ್ರದ ನಿಷಾದದಲ್ಲೇ ಕಾದು ಕುಳಿತಿದೆ. ಬಂದದ್ದು ಅಡುಗೆ ಎಣ್ಣೆಯ ಜಾಹೀರಾತು. ಅದು ಮುಗಿದ ಮೇಲೆ ಬಂದದ್ದು ತಾನವಲ್ಲ, ಮತ್ಯಾರದೋ ಕೊಳಲಿನ ಮೋಹನ. ಆಲಾಪನೆ ಒಂದು ‘ಟ್ರ್ಯಾಕ್’, ತಾನ ಇನ್ನೊಂದು, ಪಲ್ಲವಿ ಮತ್ತೊಂದು. ಕಲಸಿ ಕೊಡುವುದು ಆ ಯಂತ್ರದ ಹುಟ್ಟುಗುಣ. ದುಡ್ಡು ಕಟ್ಟಿದರೆ ಜಾಹೀರಾತು ಇರುವುದಿಲ್ಲ ಎಂದರು. ಕಟ್ಟಿದೆ. ಜಾಹೀರಾತು ಹೋಯಿತು, ಆದರೆ ‘ನಿಮಗೆ ಇದೂ ಇಷ್ಟವಾಗಬಹುದು’ ಎಂದು ಕೈ ಹಿಡಿದು ಎಳೆಯುವುದು ನಿಲ್ಲಲಿಲ್ಲ. ಕ್ಯಾಸೆಟ್ಟಿನ ಒಂದು ಬದಿ ಮೂವತ್ತು ನಿಮಿಷ, ನಲವತ್ತೈದು ನಿಮಿಷ. ಹಾಕಿ ಕೂತರೆ ನಡುವೆ ಎದ್ದು ಹಾಡು ಬದಲಿಸುವ ಮನಸ್ಸಾಗುವುದಿಲ್ಲ, ಬದಲಿಸುವುದು ಸುಲಭವೂ ಅಲ್ಲ. ಮೊದಲ ಸಲ ಹಿಡಿಸದ ಕೃತಿಯನ್ನೂ ಹಾಗೆ ಕೇಳುತ್ತ ಕೇಳುತ್ತ ಹತ್ತನೇ ಸಲಕ್ಕೆ ಅದೇ ಮನಸ್ಸಿನಲ್ಲಿ ನಿಲ್ಲುತ್ತದೆ. ನನಗೆ ಮುಖಾರಿ ರಾಗ ಹಿಡಿಸಿದ್ದು ಹಾಗೆ, ಒಂದು ಕ್ಯಾಸೆಟ್ಟಿನ ‘ಬಿ’ ಬದಿಯ ಎರಡನೇ ಕೃತಿಯಾಗಿ, ವರ್ಷಾನುಗಟ್ಟಲೆ. ಐದು ಸೆಕೆಂಡಿಗೆ ಬೇಡವೆಂದು ಸರಿಸಬಹುದಾದ ಕಡೆ ಮುಖಾರಿ ಯಾರಿಗೂ ಒಲಿಯುವುದಿಲ್ಲ.

ಧ್ವನಿಯ ಗುಣಮಟ್ಟದ ಜಗಳಕ್ಕೆ ನಾನು ಹೋಗುವುದಿಲ್ಲ. ಕ್ಯಾಸೆಟ್ಟಿನಲ್ಲಿ ಸುಯ್ಯೆನ್ನುವ ಸದ್ದಿದೆ, ತಟ್ಟೆಯಲ್ಲಿ ಚಟಪಟವಿದೆ. 1982ರಲ್ಲಿ ಬಂದ ಸಿಡಿ ಅವೆರಡಕ್ಕಿಂತ ಸ್ವಚ್ಛ, ಅದನ್ನು ಒಪ್ಪಲು ಸಂಕೋಚವಿಲ್ಲ. ನನ್ನ ತಕರಾರು ಬೇರೆ. ಹಳೆಯ ಟೇಪನ್ನು ವೇಗ ತಪ್ಪಿದ ಯಂತ್ರದಲ್ಲಿ ಓಡಿಸಿ ಏರಿಸಿದ ಹಾಡುಗಳು ಇಂಟರ್‌ನೆಟ್ಟಿನ ತುಂಬ ಇವೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಸಾಕು, ಒಂದು ಮನೆ ಶ್ರುತಿಯಲ್ಲಿ ಹಾಡಿದವರು ಒಂದೂವರೆ ಮನೆಗೆ ಏರಿಬಿಡುತ್ತಾರೆ, ಬಿರ್ಕಾ ಚುರುಕಾಗುತ್ತದೆ, ಕಂಠ ಎಳೆಯದಾಗುತ್ತದೆ. ಆ ಗಾಯಕರನ್ನು ಎದುರಿಗೆ ಕೂತು ಕೇಳದವರು ಅದನ್ನೇ ನಿಜವೆಂದು ಕಲಿಯುತ್ತಾರೆ. ತಪ್ಪನ್ನು ತಿದ್ದಲು ಮೂಲ ಕ್ಯಾಸೆಟ್ಟು, ಮೂಲ ತಟ್ಟೆ ಯಾರದಾದರೂ ಮನೆಯಲ್ಲಿರಬೇಕು. ಮೂಲವನ್ನೇ ಎಸೆದ ಮೇಲೆ ತಪ್ಪೇ ಮೂಲವಾಗುತ್ತದೆ.

ಫೋನಿನಲ್ಲಿ ಇವತ್ತು ಇರುವುದು ನಾಳೆಯೂ ಇರುತ್ತದೆ ಎಂಬ ನಂಬಿಕೆಗೂ ಬುಡವಿಲ್ಲ. 2019ರಲ್ಲಿ ಮೈಸ್ಪೇಸ್ ಎಂಬ ಜಾಲತಾಣ, ಜನ ಹನ್ನೆರಡು ವರ್ಷ ಅಲ್ಲಿ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಎಂದು ಒಪ್ಪಿಕೊಂಡಿತು. ಐದು ಕೋಟಿ ಹಾಡುಗಳ ಲೆಕ್ಕ ಅದು. 2023ರಲ್ಲಿ ಸ್ಪಾಟಿಫೈಗೂ ಜೀ ಮ್ಯೂಸಿಕ್‌ಗೂ ಒಪ್ಪಂದ ಕುದುರದೆ ಎಷ್ಟೋ ಜನಪ್ರಿಯ ಹಿಂದಿ ಹಾಡುಗಳು ಕೇಳುಗರ ಪಟ್ಟಿಗಳಿಂದ ರಾತ್ರೋರಾತ್ರಿ ಮಾಯವಾದವು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಅನ್ನೇ ಮುಚ್ಚಿತು. ವರ್ಷಗಟ್ಟಲೆ ಮೆಚ್ಚಿ ಮೆಚ್ಚಿ ಮಾಡಿಕೊಂಡ ಪಟ್ಟಿಗಳೆಲ್ಲ ಆ ಬಾಗಿಲಿನ ಒಳಗಿದ್ದವು. ನಮ್ಮಲ್ಲಿ ಬಾಡಿಗೆ ಮನೆಗೂ ಸ್ವಂತ ಮನೆಗೂ ವ್ಯತ್ಯಾಸ ಗೊತ್ತಿಲ್ಲದವರು ಯಾರಿದ್ದಾರೆ? ಬಾಡಿಗೆಗೆ ಇರುವುದು ತಪ್ಪಲ್ಲ. ಬಾಡಿಗೆ ಮನೆ ಸಿಕ್ಕಿತೆಂದು ಅಜ್ಜನ ಮನೆಯನ್ನು ಕೆಡವಿ ಹಾಕುವವರಿಗೆ ಬುದ್ಧಿ ಹೇಳಬೇಕು. ಅಪ್ಪನ ಕ್ಯಾಸೆಟ್ಟು ನನಗೆ ಬಂತು, ನನ್ನ ತಂಗಿಯ ಮಗನಿಗೂ ಹೋಗಬಹುದು. ಆ್ಯಪ್‌ನ ಪಟ್ಟಿಯನ್ನು ಯಾರೂ ಯಾರಿಗೂ ಬಿಟ್ಟುಹೋಗುವಂತಿಲ್ಲ.

ಎದುರು ವಾದಗಳಲ್ಲಿ ಒಂದಕ್ಕೆ ನಾನು ತಲೆಬಾಗುತ್ತೇನೆ. ಕ್ಯಾಸೆಟ್ ಕೊಳ್ಳಲೂ ದುಡ್ಡು ಬೇಕಿತ್ತು, ಟೇಪ್ ರೆಕಾರ್ಡರಿಗೆ ಇನ್ನೂ ಹೆಚ್ಚು ಬೇಕಿತ್ತು. ಇವತ್ತು ಕುರಿ ಕಾಯುವ ಹುಡುಗನೂ ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಬಹುದು. ಅದು ದೊಡ್ಡ ಮಾತು, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಫೋನಿನಲ್ಲಿ ನಾನೂ ದಿನಾ ಕೇಳುತ್ತೇನೆ. ಆದರೆ ಆ ಹುಡುಗನಿಗೆ ಮನ್ಸೂರರು ಸಿಗಬೇಕಾದರೆ, ಸಿಕ್ಕದ್ದು ಸರಿಯಾದ ಶ್ರುತಿಯಲ್ಲಿ, ಸರಿಯಾದ ಹೆಸರಿನಲ್ಲಿ ಇರಬೇಕಾದರೆ, ಎಲ್ಲೋ ಒಂದು ಕಪಾಟಿನಲ್ಲಿ ತಟ್ಟೆ ಇರಲೇಬೇಕು. ಜಾಗವಿಲ್ಲ ಎನ್ನುವುದಕ್ಕೆ ಇಷ್ಟೇ ಹೇಳುತ್ತೇನೆ: ನೂರು ಕ್ಯಾಸೆಟ್ಟುಗಳು ಎರಡು ಚಪ್ಪಲಿ ಡಬ್ಬದಷ್ಟು ಜಾಗವನ್ನೂ ಹೆಚ್ಚು ಮೀರುವುದಿಲ್ಲ.

ಅಮೆರಿಕದಲ್ಲಿ 2022ರಲ್ಲಿ ಸಿಡಿಗಳಿಗಿಂತ ವಿನೈಲ್ ರೆಕಾರ್ಡುಗಳೇ ಹೆಚ್ಚು ಮಾರಾಟವಾದವು, 1987ರ ನಂತರ ಮೊದಲ ಬಾರಿಗೆ. ಇದನ್ನು ತೋರಿಸಿ ‘ನೋಡಿ, ಕಾಲ ಮರಳುತ್ತಿದೆ’ ಎನ್ನುವ ಗೆಳೆಯರಿದ್ದಾರೆ. ಆ ಸಮಾಧಾನ ನನಗೆ ಬೇಡ. ಅಲ್ಲಿ ಹಳೆಯದನ್ನೂ ಹೊಸದಾಗಿ ಅಚ್ಚು ಹಾಕುವವರಿದ್ದಾರೆ, ಕೊಳ್ಳುವವರಿದ್ದಾರೆ. ನಂಜನಗೂಡಿನ ಜಾತ್ರೆಯಲ್ಲಿ ಮಾರಿದ ಹರಿಕಥೆಯನ್ನು ಯಾರೂ ಮತ್ತೆ ಅಚ್ಚು ಹಾಕುವುದಿಲ್ಲ. ನಮ್ಮ ಸಂಗ್ರಹಕ್ಕೆ ಫ್ಯಾಷನ್ನಿನ ಆಸರೆ ಇಲ್ಲ, ಇರುವುದು ನಾವು ಮಾತ್ರ.

ಆದ್ದರಿಂದ ನನ್ನ ಕೋರಿಕೆ ನೇರವಾದದ್ದು. ಈ ವಾರ ನಿಮ್ಮ ಅಟ್ಟ ಹತ್ತಿ ನೋಡಿ. ಸಿಕ್ಕ ಕ್ಯಾಸೆಟ್ಟನ್ನು ಕೂಡಲೇ ಪ್ಲೇಯರಿಗೆ ಹಾಕಬೇಡಿ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಇದೆಯೇ ನೋಡಿ, ಟೇಪಿನ ಹಿಂದೆ ಕೆಳಗಡೆ ಇರುವ ಪುಟ್ಟ ಉಣ್ಣೆಯ ತುಂಡು ಕಳಚಿಲ್ಲ ತಾನೇ ನೋಡಿ. ಪೆನ್ಸಿಲ್ ತೂರಿಸಿ ಕೈಯಿಂದಲೇ ಒಂದು ಸುತ್ತು ತಿರುಗಿಸಿ, ಟೇಪು ಸಡಿಲವಾಗಿದ್ದರೆ ಬಿಗಿ ಮಾಡಿ. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಊರಿನ ಭಜನಾ ಮಂಡಳಿಯದೋ, ಸೋದರತ್ತೆ ಹಾಡಿದ ಹಸೆಯ ಹಾಡೋ, ಹೆಸರು ಕೇಳದ ಹರಿದಾಸರದೋ ಸಿಕ್ಕರೆ ಅದರ ಮೇಲೆ ಯಾರು, ಯಾವಾಗ, ಎಲ್ಲಿ ಎಂದು ಈಗಲೇ ಬರೆದಿಡಿ, ಹೇಳುವವರು ಬದುಕಿರುವಾಗಲೇ. ನಿಮಗೆ ನಿಜವಾಗಿಯೂ ಇಟ್ಟುಕೊಳ್ಳಲಾಗದಿದ್ದರೆ ಇಟ್ಟುಕೊಳ್ಳುವವರನ್ನು ಹುಡುಕಿ ಕೊಡಿ. ಕೊಡುವಾಗ ಒಳಗಿನ ಕಾಗದವನ್ನು ಕ್ಯಾಸೆಟ್ಟಿನಿಂದ ಬೇರೆ ಮಾಡಬೇಡಿ.